ಸೂರಿನ ಕೆಳಗಿನ ಬಿಳಿ ದೀಪ

ಕ್ಯಾರಲ್ಟನ್
೫ ಏಪ್ರಿಲ್ ೨೦೨೫

ಮಗಳೇ ಮಧುರಾ,

ನಿನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಆದರೂ ಮೊದಲು ಆಶೀರ್ವಾದ.

ಬಾಣಂತನಕ್ಕೆ ಹ್ಯೂಸ್ಟನ್‌ಗೆ ಬರುವುದಿಲ್ಲ, ನಿಮ್ಮತ್ತೆಯೇ ಮಾಡಿಕೊಳ್ಳಲಿ ಎಂದು ಸೀಮಂತದ ದಿನ ನಾನು ಹೇಳಿದ್ದು ನಿಜ. ಆಮೇಲೆ ಫೋನ್ ಮಾಡಿದಾಗಲೆಲ್ಲ ನೀನು ಇಂಗ್ಲಿಷಿಗೆ ತಿರುಗಿ ಜಾರಿಕೊಳ್ಳುತ್ತೀಯ. ಅದಕ್ಕೇ ಈ ಕಾಗದ. ಅಳುತ್ತಿದ್ದ ನಿನ್ನನ್ನು ಶನಿವಾರದ ಕನ್ನಡ ತರಗತಿಗೆ ಎಳೆದೊಯ್ದದ್ದು ಇದಕ್ಕಾದರೂ ಒದಗಲಿ.

ನಿಮ್ಮತ್ತೆ ಹರುಕೊ ಅವರಿಗೆ ನಮ್ಮ ಮನೆ ಪರಕೀಯ ಅನಿಸಬಾರದೆಂದು ಜಪಾನಿನ ಕಾಗದದ ದೀಪ ಹುಡುಕಿ ತಂದಿದ್ದೆ. ನಮ್ಮ ಆಕಾಶಬುಟ್ಟಿಯ ಹಾಗೆಯೇ ತಾನೇ ಎಂದುಕೊಂಡು, ಬಿಳಿಯದನ್ನೇ ಆರಿಸಿ, ನಿಮ್ಮಪ್ಪನ ಕೈಲಿ ಬಾಗಿಲ ಮೇಲೆ ಕಟ್ಟಿಸಿದೆ. ಅವರು ಬಂದವರೇ ಕುರ್ಚಿ ಹತ್ತಿ ಅದನ್ನು ಬಿಚ್ಚಿ, ಮಡಿಸಿ, ಚೀಲಕ್ಕೆ ಹಾಕಿಕೊಂಡರು. ಎಲ್ಲರೆದುರು, ಒಂದು ಮಾತೂ ಇಲ್ಲದೆ. ನೀನು ತಲೆ ತಗ್ಗಿಸಿ ಕಣ್ಣೊರೆಸಿಕೊಂಡೆ. ನಾನೂ ಉಪ್ಪು, ಹುಳಿ, ಖಾರ ತಿಂದವಳು. ಮನೆಗೆ ಬಂದ ಬೀಗಿತ್ತಿ ಹಾಗೆ ಮಾಡಿದರೆ ಸುಮ್ಮನಿರಲೇ?

ತಪ್ಪು ಅವರದೇ ಎಂದು ಯಾರಾದರೂ ಹೇಳಲಿ ಎಂಬ ಹಟಕ್ಕೆ ಮೊನ್ನೆ ಡಾಲಸ್‌ನ ಜಪಾನೀ ಬೌದ್ಧ ಮಂದಿರಕ್ಕೆ ಡ್ರೈವ್ ಮಾಡಿಕೊಂಡು ಹೋದೆ. ನಮ್ಮಲ್ಲಿ ದೀಪಸ್ತಂಭ ಇರುವ ಜಾಗದಲ್ಲೇ, ಗುಡಿಯ ಮುಂದೆ ನಟ್ಟನಡುವೆ, ಒಂದು ಕಲ್ಲಿನ ದೀಪವಿತ್ತು. ಅದು ಬರುವವರ ಕಾಲಿಗಲ್ಲ, ಒಳಗಿರುವ ಬುದ್ಧನಿಗೆ ಅರ್ಪಿಸಿದ ಬೆಳಕು ಎಂದರು ಅಲ್ಲಿಯ ಗುರುಗಳು. ಯಾವ ದೀಪ ಎಲ್ಲಿ, ಯಾರಿಗೆ ಎಂಬುದಕ್ಕೆ ಅವರಲ್ಲಿ ಕ್ರಮವಿದೆಯಂತೆ. ನನ್ನ ದೀಪದ ಫೋಟೊ ತೋರಿಸಿದೆ. ಅವರು ಅದನ್ನು ಹತ್ತಿರ ಹಿಡಿದು ನೋಡಿದರು. ತೀರಿಕೊಂಡವರು ಮನೆಗೆ ಬಂದುಹೋಗುವ ಬೇಸಿಗೆಯ ಹಬ್ಬದಲ್ಲಿ, ಹೊಸದಾಗಿ ಹೋದವರಿಗೆ ಮಾತ್ರ ಬಿಳಿಯದನ್ನು ಕಟ್ಟುತ್ತಾರಂತೆ, ಮೊದಲ ಸಲ ದಾರಿ ತಪ್ಪದಿರಲೆಂದು. ಮರುವರ್ಷದಿಂದ ಬಣ್ಣದ್ದು.

ಬಸುರಿ ಮಗಳು ಹಾದುಬರುವ ಬಾಗಿಲಿಗೆ ನಾನು ಅದನ್ನು ಕಟ್ಟಿದ್ದೆ. ಹರುಕೊ ನನ್ನ ಮರ್ಯಾದೆ ಕಳೆಯಲಿಲ್ಲ, ಕಾಪಾಡಿದರು. ಸಂಜೆಯೇ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅಂದು ಮಧುರಾ ಯಾಕೆ ಅತ್ತಳು ಎಂದೂ ಕೇಳಿದೆ. “ಅದು ನಾನು ಹೇಳುವ ಮಾತಲ್ಲ. ಅವಳೇ ಹೇಳಬೇಕು” ಎಂದರು.

ನೀನು ಹೇಳು, ಬಿಡು, ಬಾಣಂತನ ನನ್ನದೇ. ಅಂಟಿನುಂಡೆಗೆ ತುಪ್ಪ ಕಾಸಿಟ್ಟಿದ್ದೇನೆ. ಲಿಯಾಂಡರ್‌ನಲ್ಲಿ ನಿನ್ನಣ್ಣ ಶ್ರೀಶೈಲ್ ಮನೆಯಲ್ಲಿರುವ ತೊಟ್ಟಿಲನ್ನೂ ಹೇರಿಕೊಂಡು ಮುಂದಿನ ವಾರ ಬರುತ್ತೇವೆ. ಬೇಡ ಅನ್ನಬೇಡ.

ನಿನ್ನ ಅಮ್ಮ,
ನಳಿನಿ

ಮರೆತಿದ್ದು: ಹೋದ ಜುಲೈಯಲ್ಲಿ ನೀನು ಹ್ಯೂಸ್ಟನ್‌ನ ಬೌದ್ಧ ಮಂದಿರದ ಅದೇ ಹಬ್ಬಕ್ಕೆ ನನ್ನನ್ನು ಕರೆದೊಯ್ದಿದ್ದೆ. ಸೂರಿನ ಕೆಳಗೆ, ಬಣ್ಣದ ದೀಪಗಳ ಸಾಲಿನ ಕೊನೆಯಲ್ಲಿ, ಒಂದು ಪುಟ್ಟ ಬಿಳಿಯದು ತೂಗುತ್ತಿತ್ತು. ಅದರ ಚೀಟಿಯಲ್ಲಿ ನಿನ್ನ ಗಂಡನ ಮನೆತನದ ಹೆಸರಿತ್ತು. ಯಾರದು ಎಂದು ಕೇಳಿದರೆ, ಸುಮ್ಮನೆ ಅಲಂಕಾರಕ್ಕೆ ಎಂದಿದ್ದೆ ನೀನು. ಆ ವರ್ಷ ಅವರ ಮನೆಯಲ್ಲಿ ಯಾರೂ ತೀರಿಕೊಂಡ ಸುದ್ದಿ ನನಗೆ ಬಂದಿರಲಿಲ್ಲ. ಅದು ಚೆಂದ ಕಂಡಿದ್ದಕ್ಕೇ ಸೀಮಂತಕ್ಕೂ ಬಿಳಿಯದನ್ನು ತಂದೆ. ಅವತ್ತು ಅದರ ಕೆಳಗೆ ನಿನ್ನನ್ನು ನಿಲ್ಲಿಸಿ, ನಗು ಎಂದು ಫೋಟೊ ತೆಗೆದಿದ್ದೆ. ನೀನು ನಕ್ಕಿದ್ದೆ. ಈ ಜುಲೈಯಲ್ಲಿ ಬಣ್ಣದ್ದನ್ನು ನಾನು ಕಟ್ಟುತ್ತೇನೆ. ಆ ಕೂಸಿಗೆ ಏನೆಂದು ಹೆಸರಿಟ್ಟಿದ್ದಿರಿ, ಕಂದಾ?