ಅಣ್ಣನ ನಂಬರಿಗೆ ಬರುವ ಒಟಿಪಿ

ನವೆಂಬರ್ 3, ಬೆಳಿಗ್ಗೆ 11

ಅಂಗಡಿಯ ಎರಡು ಬಿಲ್ ಅಪ್‌ಲೋಡ್ ಆದವು. ಎಂದಿನಂತೆ ಒಟಿಪಿ ಅಣ್ಣನ ಮೊಬೈಲಿಗೆ. ಅಣ್ಣ ತನ್ನ ಹತ್ತಿ ಅಡತಿ ಅಂಗಡಿಯಿಂದ ಫೋನ್ ಮಾಡಿ ಓದಿ ಹೇಳುವುದು, ನಾನು ಮನೆಯ ಕಂಪ್ಯೂಟರಿನಲ್ಲಿ ಹೊಡೆಯುವುದು. ಗಂಡ ಸತ್ತು ಶಹಾಪುರಕ್ಕೆ ವಾಪಸ್ ಬಂದಾಗಿನಿಂದ ಇದೇ ಕೆಲಸ. ಹನ್ನೊಂದು ವರ್ಷ. ಗ್ಯಾಸು, ಬ್ಯಾಂಕು, ರೇಷನ್ನು, ಆಧಾರು — ಮನೆಯವರೆಲ್ಲರಿಗೂ ಒಂದೇ ನಂಬರು, ಅಣ್ಣ ಜಗದೇವಪ್ಪನ ನಂಬರು. ನನ್ನ ಕೀಪ್ಯಾಡ್ ಫೋನಿನ ಸಿಮ್ಮೂ ಅವನ ಹೆಸರಿನದೇ.

ಆಮೇಲೆ ಅಣ್ಣನ ಹೆಂಡತಿ, ವೈನಿ, ಬಂದು ಕೂತರು. ರಂಗೋಲಿ ವಿಡಿಯೊ ಬೇಕಂತೆ. ಹಚ್ಚಿದೆ. ಮೂಲೆಯಲ್ಲಿ ತಾನಾಗಿಯೇ ಒಂದು ಡಬ್ಬಿ ತೆರೆಯಿತು: ‘ತಂದೆಯ ಜಮೀನಿನಲ್ಲಿ ಹೆಣ್ಣುಮಕ್ಕಳ ಪಾಲು — ವಕೀಲರೊಂದಿಗೆ ಮಾತಾಡಿ.’ ತಟ್ಟನೆ ಮುಚ್ಚಿದೆ. ವೈನಿಯ ಕನ್ನಡಕ ಅಡುಗೆಮನೆಯಲ್ಲಿತ್ತು, ಪುಣ್ಯ.

“ಏನದು ಬಂದದ್ದು?”

“ಏನಿಲ್ಲ ವೈನಿ, ಜಾಹೀರಾತು.”

ಅಪ್ಪ ತೀರಿಹೋದ ಮೇಲೆ ನಾನು ಇದನ್ನು ಹುಡುಕಿದ್ದು ಮೂರೋ ನಾಲ್ಕೋ ಸಲ. ಪ್ರತಿ ಸಲ ಅಳಿಸಿದ್ದೆ. ಆದರೂ…

ನವೆಂಬರ್ 4, ಮಧ್ಯಾಹ್ನ

ಬಸ್ ಸ್ಟ್ಯಾಂಡ್ ಹತ್ತಿರ ರುಕ್ಸಾನಾಳ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಕಾಲೇಜಿನಲ್ಲಿ ಒಂದೇ ಬೆಂಚು, ಇವಳ ಹತ್ತಿರ ಮುಚ್ಚುಮರೆ ಇಲ್ಲ.

“ಅಳಿಸಿದ್ದು ನಿನ್ನ ಕಣ್ಣಿಗಷ್ಟೇ. ಅದು ಒಳಗಿಂದೊಳಗ ಕಳಸಾಕತ್ತಿರ್ತದ. ಪ್ರೈವೆಸಿ ಅಂತ ಇರ್ತದ ನೋಡು, ಅಲ್ಲಿ ಹೋಗಿ ಎಲ್ಲಾ ಬಂದ್ ಮಾಡು.”

ಮನೆಗೆ ಬಂದು ಕೂತೆ. ಲೊಕೇಶನ್ — ಆಫ್. ಜಾಹೀರಾತಿನ ಐಡಿ — ಆಫ್. ಟೈಪ್ ಮಾಡುವುದನ್ನು ನೋಡಿ ಕಲಿಯುವುದು — ಆಫ್. ಏನೇನು ತೆರೆದೆನೆಂಬ ಹಿಸ್ಟರಿ — ಆಫ್. ಡಯಾಗ್ನೋಸ್ಟಿಕ್ ಡೇಟಾ ಮಾತ್ರ ಪೂರ್ತಿ ನಿಲ್ಲುವುದಿಲ್ಲ. ‘ಅವಶ್ಯವಿರುವಷ್ಟು’ ಕಳಿಸಿಯೇ ಕಳಿಸುತ್ತದಂತೆ. ಯಾರಿಗೆ ಅವಶ್ಯ, ಬರೆದಿಲ್ಲ.

ಈಗಾಗಲೇ ಹೋಗಿರುವುದನ್ನು ಅಳಿಸಬೇಕೆಂದರೆ ಅಕೌಂಟಿನೊಳಗೆ ಹೋಗಬೇಕು. ಹೋದೆ. ಒತ್ತಿದೆ. ಆರು ಅಂಕಿ ಕೇಳಿತು. ಕೈ ಅಲ್ಲಿಯೇ ನಿಂತಿತು. ಈ ಅಕೌಂಟೂ ಅಣ್ಣನ ನಂಬರಿನದೇ ಅಲ್ಲವೆ, ಥೂ!

ಎರಡು ನಿಮಿಷಕ್ಕೆ ಫೋನು.

“ಕಸ್ತೂರಿ, ನಂಬರ್ ಬಂದಾದ, ಬರ್ಕೋ. ನಾಕು, ಒಂದು, ಒಂಬತ್ತು…”

ಯಾತಕ್ಕೆ ಎಂದು ಕೇಳಲಿಲ್ಲ. ಎಂದೂ ಕೇಳಿದವನಲ್ಲ. ಅವನಿಂದ ಮುಚ್ಚಿಡಲು ಅವನ ಬಾಯಿಂದಲೇ ನಂಬರು ತೆಗೆದುಕೊಂಡೆ. ನಾಚಿಕೆಯಾಯಿತು. ಆದರೂ ಹೊಡೆದೆ. ಅಳಿಸಲಾಗಿದೆ ಎಂದು ಬಂತು.

ನವೆಂಬರ್ 9, ಭಾನುವಾರ

ಊಟಕ್ಕೆ ಕೂತಾಗ ಅಣ್ಣ ಮಾತು ತೆಗೆದ. ಸಗರದಲ್ಲಿ ಅಪ್ಪ ಬಿಟ್ಟುಹೋದ ನಾಲ್ಕು ಎಕರೆ, ಕಾಲುವೆಯ ಗದ್ದೆ.

“ತಿಂಗಳ ಕೊನಿಗೆ ಹಕ್ಕುಬಿಡುಗಡಿ ಬರಸೋಣು. ನಿನ್ನದೊಂದು ಸಹಿ ಅಷ್ಟೇ. ಅರ್ಜಿ ನೀನೇ ಹಾಕಿಬಿಡು, ಕಂಪ್ಯೂಟರ್ ನಿನಗೇ ಬರ್ತದ.”

“ನಮ್ಮ ತವರಾಗ ನಾನೂ ಹಂಗೇ ಬರಕೊಟ್ಟು ಬಂದೀನಿ,” ಎಂದರು ವೈನಿ. “ಇಲಕಲ್ ಸೀರಿ ತರೋಣು, ರಿಜಿಸ್ಟರ್ ಆಫೀಸಿಗಿ ಉಟ್ಕೊಂಡು ಹೋಗಾಕ.”

ಸಿಟ್ಟು ಬಂತು. ಹೌದು, ಸಿಟ್ಟೇ. ನನ್ನ ಪಾಲು ಬಿಟ್ಟೆನೆಂದು ನಾನೇ ಟೈಪ್ ಮಾಡಬೇಕು. ಅಣ್ಣನಿಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಗದ್ದೆ ಉಳುವವರು ಯಾರಾದರೂ ಆಗಲಿ. ಪಹಣಿಯಲ್ಲಿ ಅಣ್ಣನ ಹೆಸರಿನ ಕೆಳಗೆ ನನ್ನ ಹೆಸರು ಬೇಕು. ನಾಳೆ ಈ ಮನೆಯಲ್ಲಿ ಬೇಡವಾದರೆ ನಿಲ್ಲಲು ಒಂದು ಜಾಗ.

ನವೆಂಬರ್ 10

ರುಕ್ಸಾನಾ ತಲೆ ಚಚ್ಚಿಕೊಂಡಳು.

“ಕಂಪ್ಯೂಟರಿನ ಬಾಯಿ ಮುಚ್ಚಿಸಿದಿ, ಛಲೋ ಆತು. ನಿನ್ನ ಆಧಾರಕ್ಕ ಯಾರ ನಂಬರ್ ಅದ?”

“ಅಣ್ಣಂದು.”

“ಅಂದ್ರ ಅರ್ಜಿಗೆ ನೀ ಒಪ್ಪಿದಿ ಅನ್ನೋ ಒಟಿಪಿನೂ ಅವರಿಗೇ ಹೋಗ್ತದಲ್ಲ, ಹುಚ್ಚಿ!”

ಹನ್ನೊಂದು ವರ್ಷದಲ್ಲಿ ಇದು ಹೊಳೆದೇ ಇರಲಿಲ್ಲ. ಸಂಜೆಯೊಳಗೆ ನನ್ನ ಹೆಸರಿನಲ್ಲಿ ಸಿಮ್ ತೆಗೆಸಿದೆ. ಫೋನಿನ ಎರಡನೇ ಖಾನೆ ಖಾಲಿಯೇ ಇತ್ತು.

ನವೆಂಬರ್ 12

ನಂಬರು ಬದಲಿಸಲು ಆಧಾರ್ ಕೇಂದ್ರ. ಎರಡು ತಾಸು ಸಾಲು. ಬೆರಳು ಒತ್ತಿದೆ. ಕೆಲವು ದಿನ ಹಿಡಿಯುತ್ತದೆ ಎಂದರು. ಮನೆಯಲ್ಲಿ ರುಕ್ಸಾನಾಳ ಅಂಗಡಿಗೆ ಹೋಗಿದ್ದೆ ಎಂದೆ.

ನವೆಂಬರ್ 24

ನಂಬರು ಸೇರಿದೆ ಎಂದು ಮೆಸೇಜು. ಒಲೆಯ ಮುಂದೆ ನಿಂತು ಮೂರು ಸಲ ಓದಿದೆ. ಹಾಲು ಉಕ್ಕಿತು.

ನವೆಂಬರ್ 27, ಮಧ್ಯಾಹ್ನ 1.40

ಅಣ್ಣ ಅಂಗಡಿ ಬಿಟ್ಟು ಬಂದಿದ್ದ. ಅರ್ಜಿ ಇವತ್ತೇ ಹೋಗಬೇಕಂತೆ. ಪಕ್ಕದಲ್ಲಿ ಕುರ್ಚಿ ಎಳೆದು ಕೂತ. ಸರ್ವೆ ನಂಬರು, ಹೆಸರು, ಆಧಾರು — ಎಲ್ಲ ತುಂಬಿದೆ. ಒತ್ತಿದೆ. ಅವನು ಮೊಬೈಲನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ. ನನ್ನ ಮಡಿಲಲ್ಲಿದ್ದ ಫೋನು ಟಿಣ್ ಎಂದಿತು.

“ಬರಲಿಲ್ಲಲ್ಲ ಇನ್ನಾ?”

“ನನಗ ಬಂದಾದ.”

“ನಿನಗ ಹೆಂಗ ಬರ್ತದ?… ಹೋಗ್ಲಿ, ಹೊಡಿ ಮತ್ತ.”

“ಹೊಡ್ಯಂಗಿಲ್ಲ ಅಣ್ಣಾ. ನನ್ನ ಪಾಲು ನನಗ ಬೇಕು. ಸೀರಿ ಬ್ಯಾಡ.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ಗೊತ್ತದ,” ಎಂದ. “ದೀಪಾವಳಿ ಮುಂದ ಇದರಾಗ ವಕೀಲರ ಜಾಹೀರಾತು ಬಂದಿತ್ತು. ನಾನೂ ಓದೀನಿ.”

ನಾನು ಪ್ರೈವೆಸಿಯಲ್ಲಿ ಎಲ್ಲ ಆಫ್ ಮಾಡುವ ಹೊತ್ತಿಗೆ ಅವನು ಓದಿ ಹದಿನೈದು ದಿನವಾಗಿತ್ತು.

“ಮತ್ತ ನನ್ನ ಯಾಕ ಕೇಳಲಿಲ್ಲ?”

“ನೀ ಬಾಯಿಬಿಟ್ಟು ಕೇಳಿದ್ರ ಕೊಡಬೇಕಾಗ್ತದ. ಅದಕ್ಕ, ನೀ ಕೇಳೂದ್ರೊಳಗ ಬರಸ್ಕೋಬೇಕಂತ ಅವಸರ ಮಾಡಿದೆ.”

ಇಷ್ಟು ನೇರವಾಗಿ ಹೇಳುತ್ತಾನೆಂದು ತಿಳಿದಿರಲಿಲ್ಲ.

“ಈಗ ಕೇಳಾಕತ್ತೇನಿ, ಅಣ್ಣಾ.”

ಎದ್ದು ಹೊರಗೆ ಹೋದ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿದ ಸದ್ದು ಬಂತು, ಇದನ್ನು ಬರೆಯುವವರೆಗೂ ಗಾಡಿ ಚಾಲೂ ಆಗಿಲ್ಲ. ವೈನಿ ಹೊರಗೆ ಹೋಗಿ ಅವನ ಹತ್ತಿರ ಏನೋ ಹೇಳುತ್ತಿದ್ದಾರೆ — “ನಾ ಆವಾಗ ಕೇಳಲಿಲ್ಲ, ಬಾಯಿ ಮುಚ್ಕೊಂಡು ಬರಕೊಟ್ಟೆ. ಆಕೀ ಕೇಳ್ಯಾಳ…” ಮುಂದಿನದು ಕೇಳಿಸಲಿಲ್ಲ. ಅಣ್ಣ ಚಪ್ಪಲಿ ಬಿಟ್ಟ. ಒಳಗೆ ಬರುತ್ತಿದ್ದಾನೆ.