ಹಿತ್ತಲ ಗೋಡೆಯ ಕೋಟು

ಅಳಿಯಂದಿರಿಗೆ,

ನಿಮ್ಮ ಹಳೇ ಕೋಟು ಒಯ್ಯಲು ಯಾರನ್ನೋ ಕಳಿಸುತ್ತೇನೆಂದು ಬರೆದಿದ್ದೀರಿ. ಕಳಿಸಬೇಡಿ.

ನೀವು ಮನೆ ಬಿಟ್ಟ ಮೇಲೆ ನಿಮ್ಮ ಮಗಳು ನನ್ನ ಸ್ಕೂಟರ್ ಗ್ಯಾರೇಜಿನಲ್ಲೇ ಬೀಡುಬಿಟ್ಟಿದ್ದಾಳೆ. ಗುಜರಿ ಸ್ಪ್ರಿಂಗು, ಪೈಪು ಸೇರಿಸಿ ಬಣ್ಣದ ಗುಂಡು ಹಾರಿಸುವ ಆಟದ ಬಂದೂಕು ಮಾಡಿದ್ದಾಳೆ. ನಾನೂ ಕೈಜೋಡಿಸಿದೆ, ಬೈಯಬೇಡಿ.

"ಗುರಿಗೆ ಏನಿಡ್ತೀಯೇ?" ಅಂದೆ. ನಿಮ್ಮ ಕೋಟನ್ನು ತಂದು ಹಿತ್ತಲ ಗೋಡೆಗೆ ನೇತುಹಾಕಿದಳು. ವಾರವಿಡೀ ಹಲ್ಲು ಕಚ್ಚಿಕೊಂಡು ಹೊಡೆದಳು.

"ಒಂದೂ ತಾಗ್ತಿಲ್ವಲ್ಲೇ!"

"ನನ್ ಗುರಿ ಸರಿಯಾಗೇ ಇದೆ ತಾತ."

ನಿನ್ನೆ ಕೋಟು ತೆಗೆದು ನೋಡಿದೆ. ಗೋಡೆಯೆಲ್ಲ ನೀಲಿ, ನಡುವೆ ಕೋಟಿನಷ್ಟು ಜಾಗ ಮಾತ್ರ ಬಿಳಿ. ಕೋಟಿನ ತೋಳಿಗೆ ಸಿಡಿದಿದ್ದ ಒಂದೇ ಒಂದು ಹನಿಯನ್ನು ನನಗೆ ಕಾಣದಂತೆ ಸೋಪು ಹಾಕಿ ಉಜ್ಜಿದ್ದಾಳೆ.

ನೀವೇ ಬಂದು ಒಯ್ಯಿರಿ. ಅವಳು ಶಾಲೆಯಿಂದ ಬಂದ ಮೇಲೆ ಬನ್ನಿ.

ಇಂತಿ,
ನಿಮ್ಮ ಮಾವ