ಏಳುನೂರ ಮೂವತ್ತಾರು ದಿನ

ಏಪ್ರಿಲ್ 4, ಗುರುವಾರ. ಬೆಳಿಗ್ಗೆ 9

ಕನ್ನಡಕದ ಅಂಗಡಿಯ ಶಟರ್ ಎತ್ತಿದೆ. ಕನ್ನಡಿ ಒರೆಸಿದೆ. ಹೊಸ ಫ್ರೇಮ್‌ಗಳ ಡಬ್ಬ ಇನ್ನೂ ಬಿಚ್ಚಿಲ್ಲ. ಕೋಟಿನ ಜೇಬಿನಲ್ಲಿ ಎರಡು ಫೋನ್. ಒಂದು ನನ್ನದು, ಇನ್ನೊಂದು ಮಗಳದು. ಹದಿನಾರು ವರ್ಷದವಳು, ಸ್ನಾನಕ್ಕೆ ಹೋಗುವಾಗಲೂ ಇದನ್ನು ಕೈಬಿಟ್ಟವಳಲ್ಲ. ವಾಲಿಬಾಲ್ ಶಿಬಿರ, ಹತ್ತು ದಿನ. ಫೋನ್ ತರಕೂಡದು ಎಂದು ಕೋಚ್ ಕಟ್ಟಪ್ಪಣೆ. ಬಸ್ ಹತ್ತುವಾಗ ಕಿವಿಯಲ್ಲಿ ಪಾಸ್‌ವರ್ಡ್ ಹೇಳಿದಳು.

“ಹನ್ನೊಂದು ಜನ ಇದಾರಮ್ಮ. ದಿನಾ ಒಬ್ಬೊಬ್ರಿಗೂ ಒಂದೊಂದು ಫೋಟೋ ಕಳಿಸು. ಗೋಡೆ, ನೆಲ, ಏನಾದ್ರೂ ನಡೆಯುತ್ತೆ. ಒಂದು ದಿನ ತಪ್ಪಿದ್ರೆ ಎಣಿಕೆ ಸೊನ್ನೆ ಆಗ್ಬಿಡುತ್ತೆ.”

“ಗೋಡೆ ನೋಡಿ ಅವರಿಗೇನಾಗ್ಬೇಕು?”

“ಅದೆಲ್ಲ ನಿಂಗ್ಯಾಕೆ. ಏನೂ ಬರೀಬೇಡ. ಹಳೇದು ಓದ್ಬೇಡ. ಪ್ರಾಮಿಸ್ ಮಾಡು.”

ಮಾಡಿದೆ. ಹೆಸರುಗಳ ಪಕ್ಕ ಅಂಕಿ, ಇಬ್ಬರೂ ತಪ್ಪದೆ ಫೋಟೋ ಕಳಿಸಿಕೊಂಡ ದಿನಗಳ ಎಣಿಕೆ. 96, 214... ಎಲ್ಲಕ್ಕಿಂತ ದೊಡ್ಡದು 731. ಅದು ಉದ್ದಿಯದು. ಎರಡು ವರ್ಷದ ಹಿಂದೆ ಊರು ಬಿಟ್ಟು ಹೋದ ಗೆಳತಿ. ಒಂದನೇ ಕ್ಲಾಸಿನಿಂದ ನಮ್ಮನೆಯಲ್ಲೇ ಬೆಳೆದ ಹುಡುಗಿ. ನನ್ನನ್ನು ‘ಕನ್ನಡಕದ ಆಂಟಿ’ ಅನ್ನುತ್ತಿದ್ದಳು.

ಏಪ್ರಿಲ್ 5. ಮಧ್ಯಾಹ್ನ

ಕಳಿಸಿದೆ. ಲೆನ್ಸ್ ಒರೆಸುವ ಬಟ್ಟೆ. ಹನ್ನೊಂದು ಜನಕ್ಕೂ ಅದೇ ಬಟ್ಟೆ. ಬಂದದ್ದು: ಒಂದು ಛಾವಣಿ, ಎರಡು ಹಣೆ, ಒಂದು ಚಪ್ಪಲಿ, ಉದ್ದಿಯಿಂದ ಒಂದು ಗೋಡೆಯ ಮೂಲೆ, ಉಳಿದದ್ದು ಬರೀ ಕತ್ತಲೆ. ಕಳಿಸಿದ್ದು ಅವಳಲ್ಲ, ಅವಳ ಅಮ್ಮ ಎಂದು ಒಂದು ಪ್ರಾಣಿಗೂ ಗೊತ್ತಾಗಿಲ್ಲ. ಇದಕ್ಕೆ ಸ್ನೇಹ ಎಂದು ಹೆಸರು.

ಈವತ್ತು ಮೂವರು ಮಕ್ಕಳ ಕಣ್ಣು ನೋಡಿದೆ. ಮೂವರಿಗೂ ಪವರ್ ಏರಿದೆ. ಒಬ್ಬ ತಾಯಿ ಕಣ್ಣೀರು ಹಾಕಿದರು, “ಊಟಕ್ಕೆ ಕೂತ್ರೂ ಫೋನು ಬಿಡಲ್ಲ ಮೇಡಂ.” ಹತ್ತು ನಿಮಿಷ ಬುದ್ಧಿ ಹೇಳಿದೆ. ಮಕ್ಕಳ ಜೊತೆ ಮಾತಾಡಿ, ಮಾತಾಡಿಸಿ ಅಂದೆ. ಚೆನ್ನಾಗಿ ಹೇಳುತ್ತೇನೆ, ಅಭ್ಯಾಸವಾಗಿದೆ.

ಏಪ್ರಿಲ್ 7, ಭಾನುವಾರ

ನಗು ಬರುತ್ತಿದೆ ನನಗೇ. ಬೆಳಿಗ್ಗೆಯಿಂದ ಫೋಟೋಗೆ ಒಳ್ಳೆಯ ಗೋಡೆ ಹುಡುಕುತ್ತಿದ್ದೇನೆ. ಉದ್ದಿಗೆ ಮಾತ್ರ ಬೇರೆ ಕಳಿಸಿದೆ, ನಮ್ಮ ಅಡುಗೆಮನೆಯ ಕಿಟಕಿ. ಅವಳು ಇದೇ ಕಿಟಕಿಯ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಅವಳಿಂದ ಬಂದದ್ದು ಅದೇ — ಬಣ್ಣ ಎದ್ದ ಗೋಡೆಯ ಮೂಲೆ. ಮೂರು ದಿನದಿಂದ ಅದೇ ಮೂಲೆ.

ಏಪ್ರಿಲ್ 9. ಮಧ್ಯಾಹ್ನ 3

ಗಿರಾಕಿ ಇಲ್ಲ. ಉದ್ದಿಯ ಮೂಲೆ ಬಂತು. 736. ಪಾಪ, ಹುಡುಗಿ ಹೇಗಿದ್ದಾಳೋ. ಎರಡು ವರ್ಷದಲ್ಲಿ ಒಂದಾದರೂ ಮಾತಾಡಿದ್ದಾರೋ ಇಲ್ಲವೋ ಈ ಪೆದ್ದುಗಳು. ಗೋಡೆ ನೋಡುವ ಬದಲು ಹೇಗಿದ್ದೀಯ ಎಂದು ಕೇಳಿದರೆ ಗಂಟೇನು ಹೋಗುತ್ತದೆ? ದಿನವಿಡೀ ಅಂಗಡಿಯಲ್ಲಿ ನನ್ನದು ಅದೇ ಕೆಲಸ: ಇದು ಸ್ಪಷ್ಟವಾ, ಅದು ಸ್ಪಷ್ಟವಾ, ಬಾಯಿಬಿಟ್ಟು ಹೇಳಿ. ಬಾಯಿ ಬಿಡದಿದ್ದರೆ ಪವರ್ ಸಿಗುವುದಿಲ್ಲ.

ಕೈ ಸುಮ್ಮನಿರಲಿಲ್ಲ. ಬರೆದೆ, ಮಗಳು ಬರೆದ ಹಾಗೆ: “ಹೇಗಿದೀಯ? ಊಟ ಆಯ್ತಾ? ಅಪ್ಪ ಅಮ್ಮ ಚೆನ್ನಾಗಿದಾರಾ?”

ಅದೇ ದಿನ. ಸಂಜೆ 5

ಉತ್ತರ ಬಂತು. “ಇದು ನೀನೇನಾ?”

ಸಿಕ್ಕಿಬಿದ್ದೆ ಅನ್ನಿಸಿತು. “ಹೂಂ, ನಾನೇ ಕಣೇ” ಎಂದು ಬರೆದೆ.

“ಸರಿ.”

ಅಷ್ಟೇ.

ಏಪ್ರಿಲ್ 10

ಹತ್ತು ಜನರದು ಬಂತು. ಉದ್ದಿಯ ಮೂಲೆ ಬಂದಿಲ್ಲ.

ಏಪ್ರಿಲ್ 11. ಬೆಳಿಗ್ಗೆ

ಅಂಕಿಯ ಪಕ್ಕ ಮರಳು ಗಡಿಯಾರದ ಚಿತ್ರ ಬಂದಿದೆ. ಸಮಯ ಮುಗೀತಿದೆ ಅಂತ ಅರ್ಥ, ಮಗಳು ಹೇಳಿದ್ದಳು. ಮೂರು ಫೋಟೋ ಕಳಿಸಿದೆ. ಕಿಟಕಿ, ಮತ್ತೆ ಕಿಟಕಿ, ಅವಳು ಬಿಟ್ಟುಹೋದ ಹಳೆಯ ನೀರಿನ ಬಾಟಲಿ. ಕೊನೆಗೆ ಬರೆದೆ, “ಪುಟ್ಟಿ, ನಾನು ಆಂಟಿ. ಬರೆದದ್ದು ನಾನು, ಅವಳಲ್ಲ.” ಹೋಗಲಿಲ್ಲ. ಬ್ಲಾಕ್ ಮಾಡಿದ್ದಾಳೆ.

ಮಧ್ಯಾಹ್ನದ ಹೊತ್ತಿಗೆ ಅಂಕಿಯೂ ಇಲ್ಲ. ಹೆಸರಿನ ಪಕ್ಕ ಖಾಲಿ. ಒಬ್ಬರ ಲೆನ್ಸ್ ಇನ್ನೊಬ್ಬರ ಫ್ರೇಮಿಗೆ ಕೂರಿಸಿ, ಬಿಚ್ಚಿ, ಮತ್ತೆ ಕೂರಿಸಿದೆ.

ಏಪ್ರಿಲ್ 14, ಭಾನುವಾರ. ಸಂಜೆ

ಮಗಳು ಬಂದಳು. ಮೈಯೆಲ್ಲ ಬಿಸಿಲು, ಮಂಡಿಗೆ ಪಟ್ಟಿ, ಕನ್ನಡಕದ ಒಂದು ಕಡ್ಡಿ ಮುರಿದಿದೆ. ಬಾಗಿಲಲ್ಲೇ ಫೋನಿಗೆ ಕೈ ಚಾಚಿದಳು. ಹೇಳಿ ಕೊಡಬೇಕಿತ್ತು. ಕೊಟ್ಟು ಹೇಳಿದೆ.

ಓದಿದಳು. ಬ್ಯಾಗ್ ಇನ್ನೂ ಹೆಗಲ ಮೇಲೇ ಇತ್ತು.

“ಅಪ್ಪ ಚೆನ್ನಾಗಿದಾರಾ ಅಂತ ಕೇಳಿದೀಯ.”

“ಎಲ್ಲರನ್ನೂ ಕೇಳೋ ಮಾತಲ್ವೇನೇ ಅದು?”

“ಅವರಪ್ಪ ಮನೆ ಬಿಟ್ಟು ಹೋದ್ರಮ್ಮ. ನಂಗೊಬ್ಳಿಗೇ ಹೇಳಿದ್ಲು. ನಾನು ತಮಾಷೆ ಮಾಡ್ಕೊಂಡು ಕ್ಲಾಸ್ ಗ್ರೂಪಲ್ಲಿ ಹಾಕ್ದೆ. ಅದಕ್ಕೇ ಅವರು ಊರು ಬಿಟ್ಟಿದ್ದು.”

ಅವಳ ಹೆಗಲಿನ ಬ್ಯಾಗ್ ಇಳಿಸಿ ಪಕ್ಕಕ್ಕಿಟ್ಟೆ. ಕೂತೆ.

“ಸಾರಿ ಕೇಳ್ಬೇಡ, ಮಾತೂ ಬೇಡ ಅಂದ್ಲು. ದಿನಾ ಒಂದು ಫೋಟೋ ಕಳಿಸು, ತಪ್ಪಿಸ್ದೆ ಎಷ್ಟು ದಿನ ಕಳಿಸ್ತೀಯ ನೋಡ್ತೀನಿ, ಆಮೇಲೆ ನಾನಾಗೇ ಮಾತಾಡ್ತೀನಿ ಅಂದ್ಲು. ಜ್ವರ ಬಂದಾಗ್ಲೂ ಕಳಿಸಿದೀನಿ. ಪರೀಕ್ಷೆ ದಿನಾನೂ ಕಳಿಸಿದೀನಿ.”

“ಅವಳ ಮನೆ ನಂಬರ್ ಕೊಡು, ನಾನೇ ಹೇಳ್ತೀನಿ.”

“ನೀನು ಇನ್ನೇನೂ ಹೇಳ್ಬೇಡ.”

ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 15

ಇನ್ನೊಂದು ನನಗೆ ಹೊಳೆದೇ ಇರಲಿಲ್ಲ. “ಇದು ನೀನೇನಾ?” ಎಂದು ಉದ್ದಿ ಕೇಳಿದ್ದಳು. ಕೇಳಿ ಅವಕಾಶ ಕೊಟ್ಟಿದ್ದಳು. ಅಲ್ಲಮ್ಮ, ನಾನು ನಿನ್ನ ಕನ್ನಡಕದ ಆಂಟಿ ಎಂದಿದ್ದರೆ ಮುಗಿಯುತ್ತಿತ್ತು. ಮಗಳ ಎರಡು ವರ್ಷದ ತಪಸ್ಸನ್ನು ಮೂರು ಪದದಲ್ಲಿ ಹಾಳು ಮಾಡಿದೆ. ಊರವರ ಮಕ್ಕಳಿಗೆ ಬುದ್ಧಿ ಹೇಳುವವಳು ನಾನು. ಥೂ.

ಏಪ್ರಿಲ್ 22

ಮಗಳ ಫೋನಿಗೆ ಹೊಸ ಪಾಸ್‌ವರ್ಡ್. ಊಟಕ್ಕೆ ಬರುತ್ತಾಳೆ, ತಟ್ಟೆ ತೊಳೆದಿಟ್ಟು ಹೋಗುತ್ತಾಳೆ. “ಹೂಂ”, “ಬೇಡ”, “ಸಾಕು”. ಫೋನ್ ನೋಡುವುದನ್ನೂ ಕಡಿಮೆ ಮಾಡಿದ್ದಾಳೆ. ಉಳಿದ ಹತ್ತು ಜನರನ್ನೂ ಬಿಟ್ಟಳಂತೆ. ಮೂರು ವರ್ಷದಿಂದ ನಾನು ಹಂಬಲಿಸಿದ್ದು ಇದನ್ನೇ.

ಮೇ 2

ಕನ್ನಡಕ ಬೇರೆ ಅಂಗಡಿಯಲ್ಲಿ ಮಾಡಿಸಿಕೊಂಡು ಬಂದಿದ್ದಾಳೆ. ಆರನೇ ವಯಸ್ಸಿನಿಂದ ಅವಳ ಕಣ್ಣು ನೋಡಿದವಳು ನಾನು. ಫ್ರೇಮ್ ಎಡಕ್ಕೆ ವಾಲಿದೆ. ಎಡಗಣ್ಣಿನ ಲೆನ್ಸ್ ಒಂಚೂರು ತಿರುಗಿ ಕೂತಿದೆ, ಓದುವಾಗ ತಲೆ ಓರೆ ಮಾಡುತ್ತಾಳೆ. ಎರಡು ನಿಮಿಷದ ಕೆಲಸ. 

ಮೇ 9. ಸಂಜೆ 6

ಏಪ್ರಿಲ್ ಇಪ್ಪತ್ಮೂರರಿಂದ ನಾನೂ ಶುರು ಮಾಡಿದ್ದೇನೆ. ನನ್ನ ಫೋನಿನಿಂದ ಅವಳ ಫೋನಿಗೆ, ದಿನಕ್ಕೊಂದು ಫೋಟೋ. ಒಂದಕ್ಷರ ಬರೆಯುವುದಿಲ್ಲ. ಈವತ್ತು ಅಂಗಡಿಯ ಖಾಲಿ ಕುರ್ಚಿ. ನೋಡಿದ್ದಾಳೆ ಎಂದು ತೋರಿಸುತ್ತಿದೆ. ದಿನವೂ ನೋಡುತ್ತಾಳೆ. ಪಕ್ಕದ ಕೋಣೆಯಿಂದ ಒಂದು ಗೋಡೆಯಾದರೂ ಬಂದಿಲ್ಲ.

ಮಧ್ಯಾಹ್ನ ಒಬ್ಬ ತಾಯಿ ಮಗನನ್ನು ಕರೆತಂದಿದ್ದರು. “ನೀವಾದ್ರೂ ಬುದ್ಧಿ ಹೇಳಿ ಮೇಡಂ, ಯಾವಾಗ್ಲೂ ಫೋನು.” ನಾನು ಕೌಂಟರಿನ ಕೆಳಗೆ ಫೋನ್ ನೋಡುತ್ತಿದ್ದೆ. ಎರಡನೇ ಸಲ ಕರೆದ ಮೇಲೆ ಕೇಳಿಸಿತು. ಪವರ್ ಬರೆದು ಕೊಟ್ಟು ಕಳಿಸಿದೆ.

ಫೋನ್ ಅಲುಗಿತು. ಅಲ್ಲ, ಲೆನ್ಸ್ ಕಂಪನಿಯ ಜಾಹೀರಾತು.

ಇರಲಿ. ಈವತ್ತಿಗೆ ಹದಿನೇಳು ಆಯಿತು. ಇನ್ನು ಏಳುನೂರ ಹತ್ತೊಂಬತ್ತು. ಅಷ್ಟು ಹೊತ್ತಿಗೆ ಅವಳಿಗೆ ಹದಿನೆಂಟು ದಾಟಿ, ಈ ಮನೆಯಿಂದ ಹೊರಟು...